ಬಲದ ಚಕ್ರ ಎಡಕ್ಕೆ

ಒಂದಾನೊಂದು ಕಾಲದಲ್ಲಿ, ಈ ಸೀಮೆಯ ಕೆರೆಗಳೆಲ್ಲ ತುಂಬಿ ಕೋಡಿ ಹರಿಯುತ್ತಿದ್ದಾಗ, ಗಾಡಿ ಮಾಡುವವನೊಬ್ಬ ಇದ್ದನಂತೆ. ತಾನು ಮಾಡಿಕೊಟ್ಟ ಹೊಸ ಗಾಡಿ ಮೊದಲ ಪಯಣ ಮುಗಿಸಿದ ಮೇಲೆ, ಅದು ಯಾವ ಊರಿನಲ್ಲಿದ್ದರೂ ಸರಿ, ನಡೆದುಕೊಂಡು ಹೋಗಿ ಕಡಾಣಿಯನ್ನು ಮತ್ತೊಮ್ಮೆ ಬಡಿದು ಬರುತ್ತೇನೆಂದು ಅವನು ಎಲ್ಲರಿಗೂ ಮಾತು ಕೊಡುತ್ತಿದ್ದ. ಚಕ್ರ ಅಚ್ಚಿನಿಂದ ಕಳಚದಂತೆ ತಡೆಯುವ ಕಬ್ಬಿಣದ ಕೀಲು ಅದು.

ಒಂದು ಸಲ ಅವನ ಹೊಸ ಗಾಡಿಯೊಂದು ಮೊದಲ ಪಯಣದಲ್ಲೇ ಹೆಣ ಹೊತ್ತಿತು.

ಸತ್ತವರಿಗೆ ದಾರಿ ನೆನಪಿರುವುದಿಲ್ಲವಂತೆ. ಅವರು ಚಕ್ರದ ಜಾಡನ್ನು ಕೈಯಿಂದ ಸವರಿಕೊಂಡು, ಚಕ್ರದ ಕಬ್ಬಿಣದ ಪಟ್ಟಿಯ ಮೊಳೆಗುರುತುಗಳನ್ನು ಎಣಿಸಿಕೊಂಡು ಮನೆಗೆ ಮರಳುತ್ತಾರಂತೆ. ಅದಕ್ಕೇ ಗಾಡಿ ಹೊಡೆಯುವವನು ಸುಡುಗಾಡಿನಲ್ಲೇ ಚಕ್ರ ಬಿಚ್ಚಿ, ಬಲದ್ದನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಹಾಕಿ ಊರಿಗೆ ಬಂದ. ಜಾಡು ಹಿಂದುಮುಂದಾಯಿತು. ಸತ್ತವನು ಮನೆ ಹತ್ತಿರವಾಯಿತೆಂದುಕೊಳ್ಳುತ್ತ ದೂರ ದೂರ ನಡೆದುಹೋದ.

"ಕಡಾಣಿ?" ಎಂದು ನಾನು ಕೇಳುತ್ತಿದ್ದೆ.

"ಬಡಿಯೋನು ಇನ್ನೂ ಬಂದಿಲ್ಲ," ಎನ್ನುತ್ತಿದ್ದಳು ಕೊಂಡಮ್ಮಜ್ಜಿ. "ಸುತ್ತಿಗೆ ಸದ್ದು ಕೇಳಿದ ದಿನ ಈ ಕಥೆ ಮುಗಿಯುತ್ತೆ. ಮಲಕ್ಕೊ."

ಅಜ್ಜಿ ಹೋಗಿ ಮೂರು ವರ್ಷವಾಯಿತು. ಕಥೆ ಮುಗಿದಿರಲಿಲ್ಲ.

*

ನನ್ನ ಅಂಗಡಿಯ ಗಿರಾಕಿ ಸಿದ್ಧಾರ್ಥ್ ಕಾಣೆಯಾಗಿ ಒಂಬತ್ತನೆಯ ದಿನ ಬೆಳಿಗ್ಗೆ, ಕೆಂಚಾರ್ಲಹಳ್ಳಿಯಾಚೆಯ ಕೆರೆಯಂಗಳದಲ್ಲಿ ನಾನು ಮಂಡಿಯೂರಿ ಕುಳಿತಿದ್ದೆ. ನನ್ನ ಮುಂದೆ ಅವನ ಕಾರಿನ ಟೈರಿನ ಗುರುತು. ಪಕ್ಕದಲ್ಲಿ ಎಸ್ಸೈ ನರಸಿಂಹಮೂರ್ತಿಯವರ ಬೂಟು.

ಮಂಜು ಇನ್ನೂ ಕರಗಿರಲಿಲ್ಲ. ಕೆರೆಯ ನಡುವೆ ಉಳಿದಿದ್ದ ಅಷ್ಟಿಷ್ಟು ನೀರು ಎಲ್ಲಿ ಶುರುವಾಗುತ್ತದೆಂದು ಕಾಣುತ್ತಿರಲಿಲ್ಲ. ಅಲ್ಲೆಲ್ಲೋ ಒಂದು ಟಿಟ್ಟಿಭ ಹಕ್ಕಿ ಕೂಗಿ, ಕೂಗನ್ನು ಅರ್ಧಕ್ಕೇ ನಿಲ್ಲಿಸಿತು.

"ಹೇಳಿ ಕಲ್ಯಾಣಮ್ಮ," ಎಂದರು ಎಸ್ಸೈ. "ಟೈರ್ ಹಾಕಿದೋರು ನೀವು. ಇದು ನಿಮ್ಮದೇನಾ?"

"ನಮ್ಮದೇ ಸರ್."

ಚಿಕ್ಕಬಳ್ಳಾಪುರದಲ್ಲಿ, ಶಿಡ್ಲಘಟ್ಟದ ರಸ್ತೆಗೆ ತಿರುಗುವಲ್ಲಿ ನನ್ನ ಟೈರ್ ಅಂಗಡಿ ಇದೆ. ಈ ಗುರುತನ್ನು ನಾನು ಕಣ್ಣುಮುಚ್ಚಿ ಬೆರಳಾಡಿಸಿದರೂ ಹೇಳಬಲ್ಲೆ. ನಡುವಿನಿಂದ ಎರಡೂ ಪಕ್ಕಕ್ಕೆ ಒಡೆಯುವ ಗೆರೆಗಳು, ಸಾಲಾಗಿ ತೆರೆದ ಬಾಯಿಗಳಂತೆ. ಮಳೆನೀರನ್ನು ಸೀಳಿ ಆಚೆ ತಳ್ಳಲೆಂದು ಮಾಡಿದ ಟೈರು. ಅದು ಒಂದೇ ದಿಕ್ಕಿಗೆ ಉರುಳಬೇಕು. ಸರಿಯಾಗಿ ಹಾಕಿದ್ದರೆ, ಕಾರು ಎತ್ತ ಹೋಗುತ್ತದೋ ಅತ್ತಲೇ ಆ ಬಾಯಿಗಳು ತೆರೆದಿರುತ್ತವೆ.

"ನೋಡಿ, ಇದು ಏರಿಯಿಂದ ಕೆರೆಯೊಳಕ್ಕೆ ಹೋಗಿರೋದು," ಎಂದೆ. "ಬಾಯಿ ಒಳಗಡೆಗಿದೆ."

"ಸರಿ. ಬಂದಿರೋದು?"

ಹತ್ತಡಿ ದೂರದಲ್ಲಿ ಇನ್ನೊಂದು ಸಾಲಿತ್ತು. ಹಸಿ ಕೆಸರಿನಲ್ಲಿ ಒತ್ತಿ, ಒಂಬತ್ತು ದಿನದ ಬಿಸಿಲಿಗೆ ಅಚ್ಚಿನಂತೆ ಗಟ್ಟಿಯಾಗಿತ್ತು. ನಾನು ಅದರ ಮುಂದೆ ಹೋಗಿ ಕುಳಿತೆ.

"ಇದೂ ಹೋಗಿರೋದೇ ಸರ್."

ಎಸ್ಸೈ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಎರಡು ಸಲ ಒಳಕ್ಕೆ ಹೋಗಿದೆ. ಒಂದು ಸಲಾನೂ ಆಚೆ ಬಂದಿಲ್ಲ. ಆದ್ರೆ ಕಾರು ಅವರ ಮಾವನ ಕೊಟ್ಟಿಗೆಲಿದೆ. ನಾನೇ ಮೊನ್ನೆ ನೋಡ್ಕೊಂಡು ಬಂದೆ."

"ಟೈರ್ ನೋಡಿದ್ರಾ?"

"ನೋಡ್ದೆ. ನಾಲ್ಕಿತ್ತು."

ಹಿಂದಿನಿಂದ ಹೆಜ್ಜೆ ಸದ್ದು. ಸಿದ್ಧಾರ್ಥನ ತಂಗಿ ಕವಿತ ಏರಿಯಿಂದ ಇಳಿದು ಬರುತ್ತಿದ್ದಳು. ನಾನೂ ಎಸ್ಸೈಯೂ ಬರುವಾಗ ಮೇಲೆ ಒಣಗಿ ಒಳಗೆ ಹಸಿಯಾಗಿದ್ದ ಕೆಸರಿನಲ್ಲಿ ಎರಡೆರಡು ಸಲ ಕಾಲು ಹೂತು ಬಂದಿದ್ದೆವು. ಅವಳ ಚಪ್ಪಲಿಗೆ ಒಂದು ಚುಕ್ಕೆ ಮಣ್ಣೂ ತಾಗಿರಲಿಲ್ಲ. ಗಟ್ಟಿ ನೆಲ ಎಲ್ಲೆಲ್ಲಿದೆಯೋ ಅಲ್ಲಲ್ಲೇ ಹೆಜ್ಜೆಯಿಟ್ಟು, ಮಂಜಿನಲ್ಲೂ ನೇರವಾಗಿ ಬಂದು ನಿಂತಳು.

"ನಮ್ಮಣ್ಣ ಇಲ್ಲಿಗೆ ಬಂದಿದ್ನಾ ಅಕ್ಕ?" ಎಂದಳು. "ನಾನಂತೂ ಈ ಕಡೆ ಕಾಲೇ ಇಟ್ಟಿಲ್ಲ."

"ಕಾರಂತೂ ಬಂದಿತ್ತು ಕವಿತ."

"ರಿವರ್ಸಲ್ಲಿ ಹೋಗಿದ್ದಾನೆ ಬಿಡಿ," ಎಂದರು ಎಸ್ಸೈ ತಟ್ಟನೆ. "ಒಳಕ್ಕೆ ನೇರ ಬಂದ, ಆಚೆಗೆ ರಿವರ್ಸಲ್ಲಿ ಹೋದ. ಗುರುತು ಎರಡೂ ಒಂದೇ ಕಡೆ ತಿರುಗಿರುತ್ತೆ. ದೆವ್ವಾನೂ ಇಲ್ಲ ಪಿಶಾಚೀನೂ ಇಲ್ಲ."

ಒಳ್ಳೆಯ ಮಾತೇ. ಆದರೆ ಆ ಕಾರಿನ ನಾಲ್ಕು ಚಕ್ರಗಳ ಅಳತೆ ಆರಿಸಿದವಳು ನಾನು.

"ಈ ಕಾರಲ್ಲಿ ಮುಂದಿನ ಟೈರಿಗಿಂತ ಹಿಂದಿನದು ಎರಡು ಬೆರಳು ಅಗಲ ಸರ್. ಮುಂದಕ್ಕೆ ಓಡಿಸಿದ್ರೆ ಹಿಂದಿನ ಚಕ್ರ ಕೊನೇಲಿ ಬರುತ್ತೆ. ಸಣ್ಣ ಗುರುತಿನ ಮೇಲೆ ಅಗಲದ್ದು ಬೀಳುತ್ತೆ. ರಿವರ್ಸಲ್ಲಾದ್ರೆ ಅಗಲದ್ದರ ಮೇಲೆ ಸಣ್ಣದು. ಈಗ ನೋಡಿ."

ಅವರು ಬಗ್ಗಿ ನೋಡಿದರು. ಎರಡೂ ಸಾಲಿನಲ್ಲಿ ಅಗಲದ ಗುರುತೇ ಮೇಲಿತ್ತು.

"ಅಂದ್ರೆ?"

"ಎರಡು ಸಲಾನೂ ಮುಂದಕ್ಕೇ ಓಡಿದೆ."

ಎರಡು ಸಾಲುಗಳ ನಡುವೆ ನಾವು ಮೂವರೂ ಒಳಕ್ಕೆ ನಡೆದೆವು. ಒಂದು ದೊಡ್ಡ ಜಾಲಿ ಮರದ ಬುಡದಲ್ಲಿ ಮೊದಲನೆಯ ಸಾಲು ನಿಂತಿತು. ಅಲ್ಲಿಂದಲೇ ಅರ್ಧಚಂದ್ರದಂತೆ ಒಂದು ಸುತ್ತು ಹೊಡೆದು ಎರಡನೆಯ ಸಾಲು ಏರಿಯ ಕಡೆ ತಿರುಗಿತ್ತು. ತಿರುಗಿದ್ದು ಕಾರು. ಬಾಯಿಗಳು ಮಾತ್ರ ಬೆನ್ನ ಹಿಂದಕ್ಕೆ ತೆರೆದುಕೊಂಡಿದ್ದವು. ಅಜ್ಜಿಯ ಕಥೆಗಳಲ್ಲಿ ಮೋಹಿನಿಯ ಪಾದಗಳು ಹೀಗೇ ಹಿಂದುಮುಂದಾಗಿರುತ್ತಿದ್ದವು.

ಮರದ ಬುಡದಲ್ಲಿ, ಕಾರು ನಿಂತಿದ್ದ ಜಾಗದ ನಾಲ್ಕು ಮೂಲೆಗೆ ನಾಲ್ಕು ಚೌಕದ ಕುಳಿಗಳು.

"ಜಾಕ್ ಇಟ್ಟಿರೋದು," ಎಂದೆ. "ಇಲ್ಲಿ ನಿಲ್ಲಿಸಿ ನಾಲ್ಕೂ ಚಕ್ರ ಬಿಚ್ಚಿದ್ದಾರೆ."

ಎಸ್ಸೈ ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದನ್ನು ತೋರಿಸಲೆಂದೇ ನನ್ನನ್ನು ಕರೆಸಿದ್ದರೆಂದು ಆಗ ಗೊತ್ತಾಯಿತು. ಒಳಗೆ ಒಂದು ವೀಲ್ ನಟ್ಟು.

"ನೆನ್ನೆ ಕುರಿ ಕಾಯೋರು ಈ ಮರದ ಹತ್ರ ಸಿಕ್ತು ಅಂತ ತಂದುಕೊಟ್ರು. ನಿಮ್ಮ ಅಂಗಡಿದೇ ಅಲ್ವಾ? ಹೊಸ ಚಕ್ರ ಹಾಕಿದ ಮೇಲೆ ನೂರು ಕಿಲೋಮೀಟರ್‌ಗೆ ಒಂದ್ಸಲ ಬಿಗಿ ಮಾಡ್ಬೇಕಂತೆ. ಮಾಡಿದ್ರಾ?"

"ಇಲ್ಲ."

"ನಟ್ಟು ಸಡಿಲ ಆಗಿ, ಕಾರು ಪಲ್ಟಿ ಹೊಡೆದು, ಆ ಹುಡುಗನಿಗೆ ಏನಾದ್ರೂ ಆಗಿದ್ರೆ ಅದು ನಿಮ್ಮ ತಲೆ ಮೇಲೇ ಬರುತ್ತಮ್ಮ. ಬೇಜಾರು ಮಾಡ್ಕೋಬೇಡಿ."

ಬೇಜಾರಲ್ಲ. ಒಂಬತ್ತು ದಿನದಿಂದ ಅನ್ನದ ತುತ್ತಿನೊಂದಿಗೆ ನುಂಗುತ್ತಿದ್ದ ಮಾತನ್ನೇ ಅವರು ಆಡಿದ್ದರು.

*

ಹನ್ನೆರಡು ದಿನದ ಹಿಂದೆ ಸಿದ್ಧಾರ್ಥ್ ಆ ಹಳದಿ ಕಾರನ್ನು ನನ್ನ ಅಂಗಡಿಗೆ ತಂದಿದ್ದ. ಎರಡೇ ಬಾಗಿಲು, ಇಬ್ಬರಿಗೆ ಮಾತ್ರ ಜಾಗ, ನೆಲಕ್ಕೆ ಹೊಟ್ಟೆ ತಾಗಿಸಿ ಮಲಗಿದ ಬೆಕ್ಕಿನಂಥ ಕಾರು. ನಂದಿಯ ಹತ್ತಿರ ಪಾಲಿಹೌಸಿನಲ್ಲಿ ಗುಲಾಬಿ ಬೆಳೆದು, ಆರು ವರ್ಷ ಕೂಡಿಟ್ಟು ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ.

"ಇಪ್ಪತ್ತು ಇಂಚಿನ ಅಲಾಯ್ ವೀಲ್ ಹಾಕಿ ಮೇಡಂ. ಚಕ್ರ ಬಿಟ್ರೆ ಬೇರೇನೂ ಕಾಣಬಾರದು."

"ಚಿಂತಾಮಣಿ ರಸ್ತೆ ಹಂಪು ನೋಡಿದ್ದೀರಾ?"

"ಹುಟ್ಟಿದಾಗಿಂದ."

"ಹಂಗಾದ್ರೆ ಕೇಳಿ." ನಾನು ನೆಲದ ಮೇಲೆ ಟೈರಿಗೆ ಗುರುತು ಹಾಕುವ ಹಳದಿ ಕ್ರೇಯಾನಿನಿಂದ ಬರೆದೆ. "ಕಂಪನಿಯಿಂದ ಬಂದಿರೋದು 225/45, ಹದಿನೇಳು ಇಂಚು. 225 ಅಂದ್ರೆ ಟೈರಿನ ಅಗಲ, ಮಿಲಿಮೀಟರಲ್ಲಿ. 45 ಅಂದ್ರೆ ಪಕ್ಕದ ಗೋಡೆ ಎತ್ತರ, ಅಗಲದಲ್ಲಿ ನೂರಕ್ಕೆ ನಲವತ್ತೈದು ಭಾಗ. ಚಕ್ರ ದೊಡ್ಡದು ಮಾಡ್ತಾ ಹೋದ್ರೆ ಈ ಗೋಡೆ ಚಿಕ್ಕದು ಮಾಡ್ತಾ ಹೋಗ್ಬೇಕು. ಒಟ್ಟು ಎತ್ತರ ಹಂಗೇ ಇರ್ಬೇಕು. ಇಲ್ದಿದ್ರೆ ಮೀಟರ್ ಸುಳ್ಳು ಹೇಳುತ್ತೆ, ಸ್ಟೀರಿಂಗ್ ತಿರುಗಿಸ್ದಾಗ ಮಡ್‌ಗಾರ್ಡ್‌ಗೆ ಉಜ್ಜುತ್ತೆ."

"ಇಪ್ಪತ್ತು ಇಂಚಿಗೆ?"

"ರಬ್ಬರು ದೋಸೆಯಷ್ಟು ಉಳಿಯುತ್ತೆ. ಮೊದಲ ಹಂಪಿಗೇ ಅಲಾಯ್ ಸೀಳುತ್ತೆ. ಹದಿನೆಂಟು ಸಾಕು. ಮುಂದಕ್ಕೆ 225/40, ಹಿಂದಕ್ಕೆ 255/35. ನಿಮ್ಮ ಕಾರಿನ ಬಲವೆಲ್ಲ ಹಿಂದಿನ ಚಕ್ರಕ್ಕೆ ಬರುತ್ತೆ, ಅಲ್ಲಿ ಅಗಲ ಇರ್ಲಿ. ನಾಲ್ಕೂ ಹಳೇ ಟೈರಿಗಿಂತ ಒಂದು ಅಕ್ಕಿಕಾಳಿನಷ್ಟು ಎತ್ತರ ಬರುತ್ತೆ ಅಷ್ಟೇ."

ಅವನು ನೆಲದ ಮೇಲಿನ ಅಂಕಿಗಳನ್ನೇ ನೋಡುತ್ತಿದ್ದ. "ನೀವು ಲೆಕ್ಕದ ಮೇಷ್ಟ್ರಾಗಬೇಕಿತ್ತು, ಟೂ ಟ್ವೆಂಟಿಫೈವ್ ಮೇಡಂ."

ಅಂದಿನಿಂದ ಅದೇ ನನ್ನ ಹೆಸರಾಯಿತು. ಫೋನಿನಲ್ಲೂ ಹಾಗೇ ಕರೆಯುತ್ತಿದ್ದ.

"ಇನ್ನೊಂದು ವಿಷಯ," ಎಂದಿದ್ದೆ. "ಹಿಂದಿನದು ಅಗಲ, ಅದನ್ನ ಮುಂದಕ್ಕೆ ಹಾಕೋ ಹಾಗಿಲ್ಲ. ಗೆರೆ ಒಂದೇ ದಿಕ್ಕಿಗಿದೆ, ಅದಕ್ಕೆ ಬಲದ್ದು ಎಡಕ್ಕೂ ಹಾಕೋ ಹಾಗಿಲ್ಲ. ಈ ನಾಲ್ಕು ಚಕ್ರಕ್ಕೂ ಒಂದೊಂದೇ ಜಾಗ. ಪಂಕ್ಚರ್ ಅಂಗಡಿಯೋರ ಕೈಗೆ ಕೊಡ್ಬೇಡಿ. ನೂರು ಕಿಲೋಮೀಟರ್ ಆದ ಮೇಲೆ ಬನ್ನಿ, ನಟ್ಟು ಬಿಗಿ ಮಾಡ್ತೀನಿ."

"ನಾನು ಮರೀತೀನಿ."

"ಹಂಗಾದ್ರೆ ನೀವು ಎಲ್ಲಿದ್ರೂ ನಾನೇ ಬರ್ತೀನಿ."

"ಮಾತು?"

"ಮಾತು. ಗುರುವಾರ."

ಅವನು ನಗುತ್ತ ಹೋದ. ಹೋದ ಮೇಲೆ ನೋಡಿದರೆ ನನ್ನ ಹಳದಿ ಕ್ರೇಯಾನ್ ಇರಲಿಲ್ಲ. ಕಿವಿಯ ಮೇಲೆ ಸಿಕ್ಕಿಸಿಕೊಂಡೇ ಹೋಗಿದ್ದ.

ಗುರುವಾರ ಎರಡು ಲಾರಿ ಒಟ್ಟಿಗೆ ಬಂದವು. ನಾನು ಹೋಗಲಿಲ್ಲ. ಸಿದ್ಧಾರ್ಥ್ ಕಾಣೆಯಾದದ್ದು ಅದೇ ಗುರುವಾರ.

*

ಕೆರೆಯಂಗಳದಲ್ಲಿ ನಾನು ಆ ನಟ್ಟನ್ನು ಕವರಿನ ಮೇಲಿಂದಲೇ ಬೆಳಕಿಗೆ ಹಿಡಿದು ನೋಡಿದೆ.

"ಸರ್, ಓಡ್ತಾ ಓಡ್ತಾ ಸಡಿಲ ಆಗಿ ಬಿದ್ದ ನಟ್ಟಿನ ಒಳಗಿನ ಸುರುಳಿ ಗೆರೆ ತಿಂದುಹೋಗಿರುತ್ತೆ, ಮೂತಿ ಸವೆದಿರುತ್ತೆ. ಇದು ಹೊಸದಾಗೇ ಇದೆ. ಇದನ್ನ ಯಾರೋ ಸ್ಪ್ಯಾನರ್ ಹಾಕಿ ಬಿಚ್ಚಿದ್ದಾರೆ."

"ಅದು ನೀವು ಹೇಳೋದು."

"ಕಾರು ನೋಡೋಣ. ನಾಲ್ಕೂ ಚಕ್ರ ಪಕ್ಕ ಬದಲಾಗಿದ್ರೆ ನಾನು ಹೇಳಿದ್ದು ನಿಜ. ಇಲ್ದಿದ್ರೆ ನನ್ನನ್ನೇ ಕರ್ಕೊಂಡು ಹೋಗಿ."

ಜೀಪಿನಲ್ಲಿ ಕವಿತ ನನ್ನ ಪಕ್ಕ ಕುಳಿತಳು. ಅವಳ ಕೈ ನನ್ನ ಕೈಮೇಲೆ ಬಂತು. ತಣ್ಣಗಿತ್ತು.

"ಚಕ್ರ ಯಾಕಕ್ಕ ಬದಲಾಯಿಸ್ತಾರೆ? ಅದೂ ಕೆರೆಲಿ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಅದನ್ನು ನನಗೆ ಹೇಳಿದ್ದು ಯಾವ ಮೆಕ್ಯಾನಿಕ್ಕೂ ಅಲ್ಲ.

*

ಕೆಂಚಾರ್ಲಹಳ್ಳಿಯ ಕೊನೆಯ ಮನೆ ವೆಂಕಟರವಣಪ್ಪನವರದು. ಸಿದ್ಧಾರ್ಥ್ ಮತ್ತು ಕವಿತಳ ಸೋದರಮಾವ. ಅಪ್ಪ ಅಮ್ಮ ಇಲ್ಲದ ಇಬ್ಬರನ್ನೂ ಬೆಳೆಸಿದವರು. ಒಂದು ಕಾಲಕ್ಕೆ ಸುತ್ತ ಹತ್ತೂರಿಗೆ ಗಾಡಿ ಮಾಡಿಕೊಡುತ್ತಿದ್ದ ಮನೆತನ. ಕೊಟ್ಟಿಗೆಯ ಗೋಡೆಗೆ ಈಗಲೂ ಒಂದು ಮರದ ಚಕ್ರ ಒರಗಿತ್ತು, ಕಡ್ಡಿಗಳೇ ಇಲ್ಲದೆ ದೊಡ್ಡ ಕಣ್ಣಿನಂತೆ ಕಾಣುವ, ನಡುವಿನ ಗುಂಬ ಬಿದ್ದುಹೋದ ಚಕ್ರ.

"ಮತ್ತೆ ಬಂದ್ರಾ ಸಾರ್," ಎಂದು ಅವರು ಎದ್ದರು. "ಹೇಳಿದ್ನಲ್ಲ. ಕಾರು ಇಲ್ಲಿ ಬಿಟ್ಟ. ಗೌರಿಬಿದನೂರಿಗೆ ಹೋಗ್ಬೇಕು ಅಂದ. ಬಸ್ ಹತ್ತಿದ. ಅವತ್ತಿಂದ ನಾನು ಈ ಟಾರ್ಪಾಲು ಎತ್ತಿಲ್ಲ."

"ಈಯಮ್ಮ ಎತ್ತುತ್ತಾರೆ," ಎಂದರು ಎಸ್ಸೈ.

ನಾನು ಎತ್ತಿದೆ.

ಹಳದಿ ಬಣ್ಣ ಕತ್ತಲಲ್ಲೂ ಮಿನುಗಿತು. ಟೈರಿನ ಪಕ್ಕದ ಗೋಡೆಯ ಮೇಲೆ ಉರುಳುವ ದಿಕ್ಕಿಗೆ ಒಂದು ಬಾಣ ಇರುತ್ತದೆ. ಬಾಣ ಹಿಂದಕ್ಕೆ ನೋಡುತ್ತಿತ್ತು. ನಾನು ಕಾರನ್ನು ಸುತ್ತಿದೆ. ನಾಲ್ಕೂ ಬಾಣ ಹಿಂದಕ್ಕೆ. ಹಿಂದೆ ಎಡಗಡೆಯ ಚಕ್ರದಲ್ಲಿ ಐದರ ಜಾಗದಲ್ಲಿ ನಾಲ್ಕೇ ನಟ್ಟು. ಮೀಟರ್ ನೋಡಿದೆ. ಚಕ್ರ ಹಾಕಿದ ದಿನದಿಂದ ತೊಂಬತ್ತಾರು ಕಿಲೋಮೀಟರ್. ನೂರಕ್ಕೆ ನಾಲ್ಕು ಕಡಿಮೆ.

ನಾನು ವೆಂಕಟರವಣಪ್ಪನವರನ್ನು ಕೂರಿಸಿ ಅವರ ಎದುರಿಗೆ ಕುಳಿತೆ.

"ತಾತ, ಒಂದು ಮಾತು ಕೇಳ್ತೀನಿ. ಚಕ್ರ ಬದಲಾಯಿಸಿದೋರು ಹಿಂದಿಂದು ಮುಂದಕ್ಕೆ ಯಾಕೆ ಹಾಕಲಿಲ್ಲ? ಅದೇ ಸುಲಭ ಅಲ್ವಾ, ಒಂದೇ ಪಕ್ಕದಲ್ಲಿ ಮುಗಿಯುತ್ತೆ."

"ಅದೆಂಗಮ್ಮ ಆಗುತ್ತೆ?" ಎಂದರು ಅವರು, ಗಾಡಿ ಕೆಲಸದವರ ಗತ್ತಿನಲ್ಲಿ. "ಹಿಂದಿಂದು ತೂಕ ಜಾಸ್ತಿ. ಅಗಲ. ಮುಂದಕ್ಕೆ ಕೂರಲ್ಲ."

ಕೊಟ್ಟಿಗೆಯಲ್ಲಿ ಒಂದು ಹಲ್ಲಿ ಲೊಚಗುಟ್ಟಿತು.

"ಎರಡು ಬೆರಳು ವ್ಯತ್ಯಾಸ ಅದು," ಎಂದೆ. "ನೋಡಿದ್ರೆ ಗೊತ್ತಾಗಲ್ಲ. ಎತ್ತಿದೋರಿಗೆ ಮಾತ್ರ ತೂಕ ಗೊತ್ತಾಗೋದು."

ಎಸ್ಸೈ ಬಾಗಿಲಿಗೆ ಅಡ್ಡ ಬಂದು ನಿಂತರು.

"ನಾನು ಈ ಊರಿನ ಕೊಂಡಮ್ಮನ ಮೊಮ್ಮಗಳು ತಾತ. ಹೆಣ ಹೊತ್ತ ಗಾಡಿ ಊರಿಗೆ ಬರೋವಾಗ ಬಲದ ಚಕ್ರ ಎಡಕ್ಕೆ ಹಾಕ್ತಾರೆ ಅಂತ ಅಜ್ಜಿ ಹೇಳ್ತಿದ್ಳು. ಕಥೆ ಅಂದ್ಕೊಂಡಿದ್ದೆ."

ಮುದುಕರ ಮುಖ ಮೆಲ್ಲಗೆ ಕುಸಿಯಿತು, ಒಳಗಿನ ಆಧಾರ ತೆಗೆದಂತೆ.

"ಕಾದಮ್ಮ," ಎಂದರು ತೆಲುಗಿನಲ್ಲಿ, ತಮಗೆ ತಾವೇ. "ಅಲ್ಲಮ್ಮ, ಕಥೆ ಅಲ್ಲ. ನಮ್ಮಪ್ಪ ಮಾಡೋದು ನಾನು ನೋಡಿದ್ದೀನಿ."

"ಯಾರ ಹೆಣ?" ಎಸ್ಸೈಯವರ ದನಿ ಬದಲಾಗಿತ್ತು.

"ಗೊತ್ತಿಲ್ಲ ಸಾರ್. ಮುಖ ನೋಡ್ಲಿಲ್ಲ."

"ಯಾಕೆ ನೋಡ್ಲಿಲ್ಲ?"

"ನೋಡಿದ್ರೆ ಅವನೇ ಆಗಿಬಿಡ್ತಿದ್ದ."

ಕವಿತ ಬಾಯಿಗೆ ಸೆರಗಡ್ಡ ಹಿಡಿದಳು.

ಅವರು ನಿಧಾನವಾಗಿ ಹೇಳಿದರು. ಗುರುವಾರ ಬೆಳಗಾಗುತ್ತಲೇ ಸಿದ್ಧಾರ್ಥನ ನಂಬರಿನಿಂದ ಫೋನ್ ಬಂತು. ಮಾತಿಲ್ಲ. ಗಾಳಿಯ ಸದ್ದು, ನಡುವೆ ಒಂದು ಟಿಟ್ಟಿಭದ ಕೂಗು. ಕೆರೆಯಂಗಳ ಬಯಲಾಗಿರುವುದರಿಂದ ಅವನು ಕಾರು ಓಡಿಸಿ ನೋಡಲು ಅಲ್ಲಿಗೆ ಹೋಗುತ್ತಾನೆಂದು ಅವರಿಗೆ ಗೊತ್ತಿತ್ತು. ನಡೆದುಕೊಂಡು ಹೋದರು. ಜಾಲಿ ಮರದ ಕೆಳಗೆ ಕಾರು. ಡ್ರೈವರ್ ಪಕ್ಕದ ಸೀಟು ಹಿಂದಕ್ಕೆ ಮಲಗಿತ್ತು. ಅದರ ಮೇಲೆ ತಲೆಯಿಂದ ಪಾದದವರೆಗೆ ಕಂಬಳಿ ಹೊದ್ದ ಯಾರೋ.

"ಪಾದ ಮುಟ್ಟಿದೆ. ಬಾವಿ ಕಲ್ಲಿನ ಹಂಗಿತ್ತು. ಜನಾನ ಕರೆಯೋಕೆ ಓಡ್ದೆ. ದಾರೀಲಿ ಈ ಮಗು ನೆನಪಾಯ್ತು," ಎಂದು ಕವಿತಳ ಕಡೆ ನೋಡಿದರು. "ಅಣ್ಣ ಹಿಂದೆ ಬಂದು ಇವಳನ್ನ ಹಿಡ್ಕೊಂಡ್ರೆ ಅಂತ ಭಯ ಆಯ್ತು. ಜೋಡಿ ಜಾಕು, ಸ್ಪ್ಯಾನರು ಹೊತ್ಕೊಂಡು ಒಬ್ನೇ ವಾಪಸ್ ಹೋದೆ. ಸೀಟಲ್ಲಿ ಯಾರೂ ಇರ್ಲಿಲ್ಲ."

"ಇರ್ಲಿಲ್ಲ ಅಂದ್ರೆ?"

"ಕಂಬಳಿ ಮಡಚಿಟ್ಟಿತ್ತು ಸಾರ್. ನಾಲ್ಕು ಮಡಿಕೆ. ಹೆಂಗಸರು ಮಡಚೋ ಹಂಗೆ."

ಮುಂದೆ ಹೇಳಿ ಎಂಬಂತೆ ಎಸ್ಸೈ ಕೈಯಾಡಿಸಿದರು.

"ಇನ್ನೇನು ಮಾಡ್ಲಿ. ಎದ್ದು ನಡೀತಿದೆ ಅಂದ್ಕೊಂಡೆ. ಬೇಗ ಬೇಗ ಚಕ್ರ ಬದಲಾಯಿಸ್ದೆ. ಒಂದು ನಟ್ಟು ಕೈಜಾರಿ ಬಿತ್ತು, ಮಂಜಲ್ಲಿ ಸಿಗಲಿಲ್ಲ."

ಒಂಬತ್ತು ದಿನದಿಂದ ಎದೆಯ ಮೇಲಿದ್ದ ಕಲ್ಲು ಇಳಿಯಿತು. ನನ್ನ ನಟ್ಟು ಕಳಚಿರಲಿಲ್ಲ. ನನ್ನ ಚಕ್ರ ಅವನನ್ನು ಕೊಂದಿರಲಿಲ್ಲ. ಆದರೆ ಆ ಕಲ್ಲಿನ ಜಾಗದಲ್ಲಿ ಈಗ ಕಂಬಳಿ ಹೊದ್ದ ಒಂದು ಆಕಾರ ಮಲಗಿತ್ತು.

"ಅಲ್ಲಿ ಬೇರೆ ಯಾರೂ ಇರಲಿಲ್ವಾ ತಾತ?"

"ಕಾಣಲಿಲ್ಲ. ಒಂದು ನಡೀತು. ಹೇಳಿದ್ರೆ ನಗ್ತೀರ."

"ನಗಲ್ಲ ಹೇಳಿ."

"ಹಿಂದಿನ ಬಲದ ಚಕ್ರ ಬಿಚ್ಚಿ ಮರಕ್ಕೆ ಒರಗಿಸಿ ನಿಲ್ಲಿಸ್ದೆ. ಆ ಪಕ್ಕ ಹೋಗಿ ಎಡಗಡೇದು ಬಿಚ್ಚಿ ಬಂದೆ. ಬರೋ ಹೊತ್ತಿಗೆ ನಿಲ್ಲಿಸಿದ್ದ ಚಕ್ರ ಮಲಗಿತ್ತು. ಮುಖ ನೆಲಕ್ಕೆ, ಬೆನ್ನು ಮೇಲಕ್ಕೆ. ಗಾಳಿ ಇಲ್ಲ, ನಾಯಿ ಇಲ್ಲ. ಅದು ಬಂದು ಮುಟ್ಟಿ ಹೋಗಿದೆ ಅಂತ ಗೊತ್ತಾಯ್ತು. ಮಾತಾಡ್ದೆ ಎತ್ತಿ ಹಾಕ್ದೆ, ಕೀ ಕಾರಲ್ಲೇ ಇತ್ತು, ಓಡಿಸ್ಕೊಂಡು ಬಂದ್ಬಿಟ್ಟೆ."

ಎಸ್ಸೈ ನಗಲಿಲ್ಲ. ಅವರ ತೋಳು ಹಿಡಿದು ಎಬ್ಬಿಸಿದರು.

"ಜೀಪಲ್ಲಿ ಕೂತ್ಕೊಂಡು ಇದನ್ನೆಲ್ಲ ಬರೆಸಿ ಯಜಮಾನ್ರೆ." ಹೊರಡುವಾಗ ನನ್ನ ಕಡೆ ತಿರುಗಿದರು. "ಬಾಣ, ನಟ್ಟು ಎಲ್ಲ ಫೋಟೋ ತೆಗೆದಾಯ್ತು. ಕಾರು ಸ್ಟೇಷನ್‌ಗೆ ಓಡಿಸ್ಕೊಂಡು ಹೋಗ್ಬೇಕು. ಉಲ್ಟಾ ಟೈರಲ್ಲಿ, ಹತ್ತೊಂಬತ್ತು ನಟ್ಟಲ್ಲಿ ನಾನು ಕೂರಲ್ಲಮ್ಮ. ಸರಿ ಮಾಡಿಕೊಡಿ. ಹೆಂಗೂ ಬಿಗಿ ಮಾಡೋದು ಬಾಕಿ ಇತ್ತಲ್ಲ."

*

ಹೊರಗೆ ಮಂಜು ಕರಗಿ ಬಿಸಿಲು ಬಂದಿತ್ತು. ಕೊಟ್ಟಿಗೆಯೊಳಗೆ ಮಾತ್ರ ಬೆಳಕು ಬಾಗಿಲಲ್ಲೇ ನಿಂತಿತ್ತು. ಕವಿತ ಮೊಬೈಲಿನ ಟಾರ್ಚ್ ಹಿಡಿದಳು. ನಾನು ಅದೇ ಜೋಡಿ ಜಾಕುಗಳನ್ನು ಎತ್ತಿಕೊಂಡೆ. ನನ್ನ ಚೀಲದಲ್ಲಿ ಒಂದು ಹೆಚ್ಚುವರಿ ನಟ್ಟೂ, ಅಳತೆಗೆ ತಕ್ಕಷ್ಟು ಬಿಗಿಯಾದಾಗ ಟಿಕ್ ಎನ್ನುವ ಟಾರ್ಕ್ ಸ್ಪ್ಯಾನರೂ ಗುರುವಾರದಿಂದಲೇ ಇದ್ದವು.

ಮುಂದಿನ ಎರಡು ಚಕ್ರ ಮೊದಲು. ಬಿಚ್ಚಿದೆ, ಪಕ್ಕ ಬದಲಾಯಿಸಿದೆ, ಬಾಣಗಳು ಮುಂದಕ್ಕೆ ತಿರುಗಿದವು. ಒಂದು ನಟ್ಟು, ಆಮೇಲೆ ಅದರ ಎದುರಿನದು, ಹೀಗೆ ನಕ್ಷತ್ರ ಬರೆದಂತೆ ಬಿಗಿಮಾಡಬೇಕು. ಟಿಕ್. ಟಿಕ್. ಹತ್ತು ಸಲ.

"ಮಾವ ಹೇಳಿದ್ದು ನಿಜ ಅಂತೀರಾ ಅಕ್ಕ?" ಎಂದಳು ಕವಿತ.

"ಚಕ್ರದ ವಿಷಯ ನಿಜ."

"ಮಿಕ್ಕಿದ್ದು?"

"ಮಿಕ್ಕಿದ್ದು ಯಾರಿಗೆ ಗೊತ್ತೋ ಅವರೇ ಹೇಳ್ಬೇಕು."

ಹಿಂದಿನ ಬಲದ ಪಕ್ಕ ಬಿಚ್ಚಿದೆ. ಆಮೇಲೆ ಎಡಕ್ಕೆ ಬಂದೆ. ಇಲ್ಲಿರುವುದೇ ನಿಜವಾದ ಬಲದ ಚಕ್ರ, ಮರದ ಬುಡದಲ್ಲಿ ತಾನಾಗಿ ಮಲಗಿದ್ದೆನ್ನುವ ಚಕ್ರ. ನಾಲ್ಕು ನಟ್ಟು ಬಿಚ್ಚಿ ಎರಡೂ ಕೈಯಿಂದ ಎಳೆದು ಮಡಿಲಿಗೆ ಹಾಕಿಕೊಂಡೆ. ಒಳಮುಖ ನನ್ನ ಕಡೆಗಿತ್ತು. ಕಾರಿಗೆ ಹಾಕಿದ ಮೇಲೆ ಯಾರಿಗೂ ಕಾಣದ, ಚಕ್ರ ಬಿಚ್ಚಿದವರು ಮಾತ್ರ ನೋಡಬಲ್ಲ ಮುಖ.

ಬ್ರೇಕಿನ ಕಪ್ಪು ಧೂಳಿನಡಿಯಲ್ಲಿ ಏನೋ ಹಳದಿ.

ಹೆಬ್ಬೆರಳಿನಿಂದ ಒರೆಸಿದೆ. ನನ್ನದೇ ಕ್ರೇಯಾನಿನ ಬಣ್ಣ. ಅವಸರದ, ಓರೆಯಾದ ಅಕ್ಷರಗಳು ಅಲಾಯ್‌ನ ಒಳಸುತ್ತಿನಲ್ಲಿ ಬಾಗಿಕೊಂಡು ಹೋಗಿದ್ದವು.

225 ಮೇಡಂ, ನಾನು ಬದುಕಿದ್ದೀನಿ. ಬಾಣ ನೋಡಿ ನೀವೇ ಬಿಚ್ಚುತ್ತೀರ ಅಂತ ಗೊತ್ತು. ಕವಿತಂಗೆ ಹೇಳಬೇಡಿ.

ಮರದ ಬುಡದಲ್ಲಿ ಚಕ್ರವನ್ನು ಮಲಗಿಸಿದ್ದು ಅವನೇ. ಟಾರ್ಚಿನ ಬೆಳಕು ನನ್ನ ಭುಜದ ಮೇಲೆ ಅಲುಗಿತು.

"ಏನಕ್ಕ ಅದು?"

"ಧೂಳು." ನಾನು ಚಕ್ರವನ್ನು ಎದೆಗವಚಿ ಎದ್ದೆ. "ಬ್ರೇಕಿನ ಧೂಳು. ಎಲ್ಲ ಚಕ್ರದಲ್ಲೂ ಇರುತ್ತೆ."

ಕಾರನ್ನು ಸುತ್ತಿಕೊಂಡು ಆ ಪಕ್ಕಕ್ಕೆ ಹೋಗುವಷ್ಟರಲ್ಲಿ ಮೂವತ್ತು ಹೆಜ್ಜೆ ನಡೆದಂತೆನಿಸಿತು. ಬೆಳಕು ಹಿಂದೆಯೇ ಬಂತು. ಹೆಜ್ಜೆ ಸದ್ದಿಲ್ಲ. ಬೆಳಿಗ್ಗೆ ಕೆರೆಯಲ್ಲಿ ಮಂಜಿನ ನಡುವೆ ಒಂದು ಚುಕ್ಕೆ ಕೆಸರೂ ತಾಗದೆ, ಗಟ್ಟಿ ನೆಲವೆಲ್ಲ ಗೊತ್ತಿದ್ದವಳಂತೆ ನಡೆದುಬಂದ ಚಪ್ಪಲಿಗಳು ನೆನಪಾದವು. ಈ ಕಡೆ ಕಾಲೇ ಇಟ್ಟಿಲ್ಲ ಎಂದಿದ್ದಳು. ನಾಲ್ಕಾಗಿ ಮಡಚಿದ ಕಂಬಳಿ ನೆನಪಾಯಿತು.

ಚಕ್ರವನ್ನು ಅದರ ಜಾಗಕ್ಕೆ ಕೂರಿಸಿದೆ. ಅಕ್ಷರಗಳು ಒಳಗೆ ಮುಚ್ಚಿಹೋದವು. ಐದು ನಟ್ಟು. ಟಿಕ್, ಟಿಕ್, ಟಿಕ್, ಟಿಕ್, ಟಿಕ್.

ಎಡಕ್ಕೆ ಬಂದೆ. ನಾಲ್ಕು ನಟ್ಟು ಕೂರಿಸಿ ಬಿಗಿಮಾಡಿದೆ. ಕೊನೆಯದನ್ನು ಚೀಲದಿಂದ ತೆಗೆದು ಬೆರಳಿನಲ್ಲೇ ತಿರುಗಿಸಿ ಹತ್ತಿಸಿದೆ. ಸ್ಪ್ಯಾನರಿನ ಮೇಲೆ ಮೈಭಾರ ಹಾಕಿದೆ. ಹೊರಗೆ ಎಸ್ಸೈಯವರ ದನಿ, ಮುದುಕರ ಗೊಣಗು, ಮರದ ಮೇಲೊಂದು ಕಾಗೆ. ಎಲ್ಲವೂ ಒಂದು ಕ್ಷಣ ನಿಂತು ಕಾಯುತ್ತಿರುವಂತೆ ತೋರಿತು.

ಟಿಕ್.

ಇಪ್ಪತ್ತು. ಸುತ್ತಿಗೆಯ ಸದ್ದು ಕೇಳಿದ ಮೇಲೆ ಸತ್ತವನು ಏನು ಮಾಡಿದ, ಬದುಕಿದ್ದವನು ಏನು ಮಾಡಿದ ಎಂದು ಅಜ್ಜಿ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಮುಗೀತಾ ಅಕ್ಕ?" ಎಂದಳು ಕವಿತ, ನನ್ನ ಕಿವಿಯ ತೀರಾ ಹತ್ತಿರದಿಂದ.

"ಮುಗೀತು."

"ನಮ್ಮಣ್ಣಂಗೆ ಕೊಟ್ಟ ಮಾತು ಉಳಿಸ್ಕೊಂಡ್ರಿ," ಎಂದು ಅವಳು ಟಾರ್ಚ್ ಆರಿಸಿದಳು.